ಬಂಬಿನೊಳಗೆ ಹೋದ ಗಿಣಿ

ಬಸವಂತನಿಗೆ ಸಿಟ್ಟು ಬಂದದ್ದು ಮೊದಲು ಅವನ ಬೆರಳಿಗೆ ಗೊತ್ತಾಗುತ್ತಿತ್ತು, ಬಾಯಿಗೆ ಆಮೇಲೆ. ಊಟಕ್ಕೆ ಕೂತಾಗ ಖಾಲಿ ತಾಟಿನ ಅಂಚಿನ ಮೇಲೆ ಬಲಗೈಯ ಎರಡು ಬೆರಳು ಕಟ್ಟ್ ಕಟಕಟ ಕಟ್ಟ್ ಎಂದು ಬಡಿಯಲಿಕ್ಕೆ ಹತ್ತಿದವೆಂದರೆ ಸಾಕು, ಹೆಂಡತಿ ನೀಲಾಂಬಿಕಾ ರೊಟ್ಟಿ ತಟ್ಟುವುದು ಬಿಟ್ಟು ಹಣಿಕಿ ನೋಡುವಳು, ಹತ್ತು ವರ್ಷದ ಪ್ರಭಾ ಪುಸ್ತಕ ಮುಚ್ಚುವಳು, ಆರು ವರ್ಷದ ತುಂಗಾ ಅಕ್ಕನ ಬೆನ್ನ ಹಿಂದೆ ಸರಿಯುವಳು. ಬೆರಳಿನದೇನು ತಪ್ಪು ಬಿಡಿ. ಹದಿನಾಲ್ಕು ವರ್ಷ ತಂತಿ ಬಡಿದ ಬೆರಳು ಅದು. ನಾಗಪುರದ ತಾರ್ ಆಫೀಸಿನಲ್ಲಿ ದಿನಕ್ಕೆ ಎಂಟು ತಾಸು ಯಾರದೋ ಸಾವು, ಯಾರದೋ ಮದುವೆ, ಯಾರದೋ ಹತ್ತಿಯ ದರ ಬಡಿದು ಬಡಿದು ಮನೆಗೆ ಬಂದರೆ ಸುಮ್ಮನೆ ಕೂರುವುದು ಅದಕ್ಕೆ ಮರೆತೇ ಹೋಗಿತ್ತು.

ಕೆಲಸದಲ್ಲಿ ಮಾತ್ರ ಬಸವಂತನ ಹೆಸರಿಗೆ ಒಂದು ಕಪ್ಪುಚುಕ್ಕೆ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಅವನಿಗೆ ತಂತಿ ಕಲಿಸಿದ ಗುಂಡಪ್ಪ ಮಾಸ್ತರರು ಮೊದಲ ದಿನವೇ ಹೇಳಿದ್ದರು: "ತಮ್ಮಾ, ನೀ ಒಂದು ಕೊಳವಿ. ಕೊಳವಿ ನೀರಿಗೆ ಸಕ್ಕರಿ ಹಾಕಂಗಿಲ್ಲ, ಉಪ್ಪೂ ಹಾಕಂಗಿಲ್ಲ. ಆ ಕಡಿಂದ ಏನು ಬರತೈತಿ, ಅದನ್ನ ಬರಿ. ತಿಳೀಲಿ, ಬಿಡಲಿ." ಬಸವಂತ ಹದಿನಾಲ್ಕು ವರ್ಷದಲ್ಲಿ ಒಬ್ಬರ ಒಂದು ಮಾತನ್ನೂ ತಿದ್ದಿರಲಿಲ್ಲ. ತಿದ್ದುವ ಚಟವನ್ನೆಲ್ಲ ಮನೆಗೆ ಉಳಿಸಿಕೊಂಡಿದ್ದ.

ಮನೆಯೋ, ಇತವಾರಿ ಪೇಟೆಯಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಗೋದಾಮಿನ ಮೇಲಿನ ಎರಡು ಖೋಲಿ. ಕೆಳಗೆ ಚೀಲ ಇಳಿಸಿದರೆ ಮೇಲೆ ಮನೆಮಂದಿಯೆಲ್ಲ ಸೀನಬೇಕು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಏಳು ವರ್ಷ ಹೀಗೆ ಸೀನುತ್ತಲೇ ಸಂಸಾರ ನಡೆದಿತ್ತು. ಅದಕ್ಕೂ ಅವನಿಗೆ ಸಿಟ್ಟು ಬರುತ್ತಿತ್ತು, ಆದರೆ ಅದು ದಿನದ ಸಿಟ್ಟು, ರೂಢಿಯಾದದ್ದು. ಈ ಕಥೆಗೆ ಕಾರಣವಾದದ್ದು ಬೇರೆ. ಅದು ಒಂದು ಕಾರ್ಡಿನಿಂದ ಶುರುವಾಯಿತು.

ಆ ವರ್ಷ, ಐವತ್ತನಾಲ್ಕರ ಸಂಕ್ರಾಂತಿಗೆ, ಪ್ರಭಾ ಅಣ್ಣಿಗೇರಿಯ ಅಜ್ಜಿಗೆ ನಾಲ್ಕು ಸಾಲಿನ ಕಾಗದ ಬರೆದು ತಾನೇ ಹೋಗಿ ಡಬ್ಬಿಗೆ ಹಾಕಿ ಬಂದಿದ್ದಳು. ಅಜ್ಜಿ ಅಂದರೆ ಬಸವಂತನ ತಾಯಿ ಯಲ್ಲಮ್ಮ. ಓದು ಬರಹ ಬಾರದ ಹೆಂಗಸು. ಯಾರ ಕೈಯಲ್ಲೋ ಉತ್ತರ ಬರೆಸಿದ್ದಳು. "ಮೊಮ್ಮಗಳ ಕಾಗದ ಮುಟ್ಟಿತು. ಬಾಳಬೋಧ ಅಕ್ಷರ. ಓಣಿಯೊಳಗ ಯಾರಿಗೂ ಓದಾಕ ಬರಲಿಲ್ಲ. ಗ್ವಾಡಿ ಮಾಡದಾಗ ದೇವರ ಮಗ್ಗಲಿಗೆ ಇಟ್ಟೀನಿ. ನಿನ್ನ ಮಕ್ಕಳು ಮರಾಠಿ ಆದವಪಾ ಬಸೂ. ನಾ ಸಾಯೂದರೊಳಗ ಅವರ ಕೂಡ ನಾಕ ಮಾತ ಆಡಬೇಕಂದ್ರ ನಡುವ ಯಾರನ್ನ ಕುಂದರಿಸಿಕೊಳ್ಳಲಿ?"

ಬಾಳಬೋಧ ಅಂದರೆ ಮರಾಠಿ ಬರೆಯುವ ದೇವನಾಗರಿ ಅಕ್ಷರ. ಕಾರ್ಡು ಓದಿದ ಬಸವಂತನ ಕಿವಿ ಕೆಂಪಾದವು. "ಏನ ಪ್ರಭಾ ಇದು? ಅಜ್ಜಿಗೆ ಕನ್ನಡದಾಗ ಬರಿಯಾಕ ಏನ ಧಾಡಿ ಆಗಿತ್ತು ನಿನಗ?"

ಪ್ರಭಾ ಏನೋ ಹೇಳಲು ಬಾಯಿ ತೆರೆದಳು. ಸಿಟ್ಟಿನಲ್ಲಿದ್ದವನಿಗೆ ಎದುರಿನವರ ಬಾಯಿ ಎಲ್ಲಿ ಕಾಣುತ್ತದೆ? "ಸುಮ್ಮನಿರು!" ಅಂದ. ಅವಳು ಬಾಯಿ ಮುಚ್ಚಿದಳು.

ಮಕ್ಕಳು ಹೋಗುತ್ತಿದ್ದದ್ದು ಮರಾಠಿ ಶಾಲೆ. ಮತ್ತೆಲ್ಲಿಗೆ ಹೋಗಬೇಕು? ಕನ್ನಡ ಅಕ್ಷರ ನಾನೇ ಕಲಿಸುತ್ತೇನೆಂದು ಬಸವಂತ ಎರಡು ವರ್ಷದ ಹಿಂದೆ ಪಾಟಿ ಹಿಡಿದು ಕೂತದ್ದೇನೋ ನಿಜ. ಅ ಆ ದಾಟಿ, ಕಾಗುಣಿತ ದಾಟಿ, ಒತ್ತಕ್ಷರದ ಹೊಸ್ತಿಲಿಗೆ ಬಂದಾಗ ಪ್ರಭಾ ಒಂದೇ ಅಕ್ಷರವನ್ನು ಐದು ಸಲ ತಪ್ಪಿದಳು. ಇವನ ಬೆರಳು ನೆಲ ಬಡಿಯಿತು, ಆಮೇಲೆ ಕೈಯೇ ಪಾಟಿಯನ್ನು ನೆಲಕ್ಕೆ ಬಡಿಯಿತು. ಪಾಟಿ ಎರಡು ಹೋಳಾಯಿತು. ಕನ್ನಡದ ಪಾಠ ಅಲ್ಲಿಗೆ ನಿಂತಿತು.

ಕಾರ್ಡು ಬಂದ ಮೇಲೆ ಬಸವಂತ ಧಾರವಾಡದಿಂದ ನಾಲ್ಕು ಮಕ್ಕಳ ಪುಸ್ತಕ ತರಿಸಿದ. ಓದಿ ಹೇಳಲು ಕೂತ. ಏನು ಪುಸ್ತಕಗಳು, ಏನು ಕಥೆಗಳು! ಒಂದರಲ್ಲಿ ಹಟ ಮಾಡಿದ ಹುಡುಗಿ ಬಾವಿಗೆ ಬಿದ್ದಳು. ಇನ್ನೊಂದರಲ್ಲಿ ಹಲ್ಲು ತಿಕ್ಕದ ಹುಡುಗನ ಹಲ್ಲೆಲ್ಲ ಒಂದೇ ದಿನ ಉದುರಿದವು. ಮೂರನೆಯದರಲ್ಲಿ ತಾಯಿಯ ಮಾತು ಕೇಳಿದ ಒಂದು ಮೊಲ ಸುಖವಾಗಿತ್ತು. ಸುಖವಾಗಿತ್ತು ಅನ್ನುವುದು ಬಿಟ್ಟರೆ ಕಥೆಯಲ್ಲಿ ಮತ್ತೇನೂ ನಡೆಯಲಿಲ್ಲ. ನಾಲ್ಕನೆಯದರ ಎರಡನೇ ಪುಟಕ್ಕೆ ತುಂಗಾ ನಿದ್ದೆಹೋದಳು. ಹಗಲು ಹನ್ನೊಂದು ಗಂಟೆ ಆಗ.

"ಇವನ್ನ ಬರದವರಿಗೆ ಮಕ್ಕಳದಾವೋ ಇಲ್ಲೋ?" ಎಂದು ಬಸವಂತ ಪುಸ್ತಕವನ್ನು ಮೂಲೆಗೆ ಒಗೆದ. "ನಾನs ಬರೀತೀನಿ. ನನ್ನ ಮಕ್ಕಳಿಗೆ ನಾನs ಬರೀತೀನಿ."

"ಬರೀರಿ, ಬರೀರಿ," ಅಂದಳು ನೀಲಾಂಬಿಕಾ. "ಆದರ ಅದರೊಳಗರ ಬೈಬ್ಯಾಡ್ರಿ."

ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಸಣ್ಣವನಿದ್ದಾಗ ತಾಯಿ ಯಲ್ಲಮ್ಮ ಜೋಳ ಬೀಸುತ್ತ ಕಥೆ ಹೇಳುವಳು, ಬೀಸುಕಲ್ಲು ನಿಂತಾಗ ಕಥೆಯೂ ನಿಲ್ಲುವುದು, ಆಗ ಇವನು ಅವಳ ಸೆರಗು ಜಗ್ಗಿ "ಮುಂದ? ಯವ್ವಾ, ಮುಂದ?" ಅನ್ನುವನು. ಅದೇ ಮಾತು. ತನ್ನ ಮಕ್ಕಳು ತನ್ನ ಅಂಗಿ ಜಗ್ಗಿ ಒಮ್ಮೆ "ಮುಂದ?" ಅನ್ನಬೇಕು, ಕನ್ನಡದಲ್ಲಿ ಅನ್ನಬೇಕು. ಇಷ್ಟು ಸಣ್ಣ ಆಸೆಗೆ ಅವನು ಎಷ್ಟು ದೊಡ್ಡ ಗದ್ದಲ ಮಾಡಿದ ಅಂತೀರಿ!

ಆಫೀಸಿನಲ್ಲಿ ಕೆಟ್ಟುಹೋದ ತಂತಿಯ ಫಾರಂಗಳ ಹಿಂಬದಿಗೆ ಬರೆದ. ಪಾಳಿ ಮುಗಿದ ಮೇಲೆ ಆಫೀಸಿನ ಬೇವಿನ ಮರದ ಕೆಳಗೆ ಕೂತು ಬರೆದ. ಏಳು ಭಾನುವಾರ, ಮಕ್ಕಳ ಎಣ್ಣೆಸ್ನಾನವಾಗಿ ತಲೆ ಒಣಗುವ ಹೊತ್ತಿಗೆ, ಏಳು ಕಥೆ ಓದಿದ. ಊರು ಮರೆತ ಇರುವೆಯ ಕಥೆ. ಅಜ್ಜಿಗೆ ಉತ್ತರ ಬರೆಯದ ಅಳಿಲಿನ ಕಥೆ. ಹೇಳಿದ ಮಾತು ಕೇಳದೆ ಕಿವಿ ಕಳಕೊಂಡ ಕತ್ತೆಯ ಕಥೆ. ಯಾವ ಪುಸ್ತಕವನ್ನು ಮೂಲೆಗೆ ಒಗೆದಿದ್ದನೋ ಅದರ ಅಪ್ಪನಂಥ ಕಥೆಗಳು. ಅದು ಅವನಿಗೆ ಬಿಟ್ಟು ಮನೆಯ ಎಲ್ಲರಿಗೂ ಗೊತ್ತಾಗಿತ್ತು.

ಎಲ್ಲಕ್ಕಿಂತ ಅವನು ಮೆಚ್ಚಿಕೊಂಡದ್ದು ಗಿಣಿಯ ಕಥೆ. ಕಾಡಿನ ಗಿಣಿಯೊಂದು ಪಟ್ಟಣಕ್ಕೆ ಬಂದು ಕಾಗೆಗಳ ಮಾತು ಕಲಿತು ತನ್ನ ಮಾತು ಮರೆಯಿತು. ತಿರುಗಿ ಕಾಡಿಗೆ ಹೋದಾಗ ಬಂಧುಬಳಗ ಅದರ ಗುರುತು ಹಿಡಿಯದೆ ಕುಕ್ಕಿ ಕುಕ್ಕಿ ಕೊಂದವು. ಓದಿ ಮುಗಿಸಿ ಬಸವಂತ ಮಕ್ಕಳ ಮುಖ ನೋಡಿದ.

ತುಂಗಾ ಕೇಳಿದಳು: "ಅಪ್ಪಾ, ಗಿಣಿ ಸಾಯಾಕs ಬೇಕೇನು?"

"ಹೌದು. ಅದು ತನ್ನ ಮಾತು ಮರೀತಲ್ಲ."

"ಅದಕ್ಕ ಯಾರರ ತಿರಗಿ ಕಲಸಬಹುದಿತ್ತಲ್ಲ?" ಅಂದಳು ಪ್ರಭಾ.

"ಕಥಿ ನಂದು. ಸಾಯತೈತಿ ಅಂದ್ರ ಸಾಯತೈತಿ!" ಎಂದು ಬಸವಂತ ಗುಡುಗಿದ. ಬೆರಳು ಆಗಲೇ ಗೋಡೆ ಬಡಿಯುತ್ತಿತ್ತು. ಮಕ್ಕಳು ತಲೆ ಬಾಚಿಸಿಕೊಳ್ಳಲು ತಾಯಿಯ ಹತ್ತಿರ ಹೋದರು.

ಮುಂದೆ ಎರಡು ವಾರ ಅವನು ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ. ಕೇಳಲಿಲ್ಲವೆಂದು ಮತ್ತೆ ಸಿಟ್ಟು.

ಏಪ್ರಿಲ್ ತಿಂಗಳ ಒಂದು ಶನಿವಾರ. ನಾಗಪುರದ ಬಿಸಿಲು ಗೊತ್ತಲ್ಲ, ಡಾಂಬರಿನಲ್ಲಿ ಚಪ್ಪಲಿ ಅಂಟಿಕೊಳ್ಳುತ್ತದೆ. ಬಸವಂತ ಬೆಳಗಿನ ಪಾಳಿ ಮುಗಿಸಿ, ಬಜಾರಿಗೆ ಹೋಗದೆ ನೆಟ್ಟಗೆ ಮನೆಗೆ ಬಂದ. ಗೋದಾಮಿನ ಬಾಗಿಲ ಹತ್ತಿರ ಕೈಗಾಡಿ ನಿಂತಿತ್ತು, ಒಳಗೆ ತಂಪು ಕತ್ತಲೆ. ಮೆಣಸಿನಕಾಯಿ ಚೀಲಗಳ ಮೇಲೆ ಆ ಕಟ್ಟಡದ ಹತ್ತು ಹನ್ನೆರಡು ಮಕ್ಕಳು ಕೂತಿದ್ದವು. ಮೂಲೆಯಲ್ಲಿ ಇಬ್ಬರು ಹಮಾಲರು ಬೀಡಿ ಹಚ್ಚುವುದನ್ನೂ ಮರೆತು ಕೂತಿದ್ದರು. ನಡುವೆ ಪ್ರಭಾ, ಮಡಿಲಲ್ಲಿ ಒಂದು ಬರೆಯುವ ವಹಿ. ಮರಾಠಿಯಲ್ಲಿ ಕಥೆ ಹೇಳುತ್ತಿದ್ದಳು. ಅವಳು ತುಸು ನಿಲ್ಲಿಸಿದರೆ ಸಾಕು, ಮಕ್ಕಳು ಒಂದೇ ಸವನೆ ಕೂಗುತ್ತಿದ್ದವು: "ಮಗ? ಮಗ ಕಾಯ ಝಾಲಂ?" ಮುಂದ? ಮುಂದೇನಾತು?

ಬಸವಂತ ಮೆಟ್ಟಿಲ ಹತ್ತಿರವೇ ನಿಂತ. ಕಥೆ ಗಿಣಿಯದು. ಅವನದೇ ಗಿಣಿ! ಆದರೆ ಈ ಕಥೆಯಲ್ಲಿ ಕಾಗೆಗಳಿರಲಿಲ್ಲ. ಒಬ್ಬ ರಾಕ್ಷಸನಿದ್ದ. ರಾಕ್ಷಸ ಗಿಣಿಯನ್ನು ಪಂಜರದಲ್ಲಿ ಹಾಕಿ ದಿನವೆಲ್ಲ "ಮಾತಾಡು! ನಿನ್ನ ಕಾಡಿನ ಮಾತಾಡು!" ಎಂದು ಗದರುತ್ತಿದ್ದ. ಗಿಣಿ ಒಂದು ಮಾತು ತಪ್ಪಿದರೆ ರಾಕ್ಷಸನ ಬೆರಳು ಬಡಿಯಲಿಕ್ಕೆ ಶುರು. ಪ್ರಭಾ ಚೀಲದ ಮೇಲೆ ಎರಡು ಬೆರಳು ಬಡಿದು ತೋರಿಸಿದಳು. ಕಟ್ಟ್ ಕಟಕಟ ಕಟ್ಟ್. ಅವನ ಹುಬ್ಬು, ಅವನ ಉಬ್ಬಿದ ಮೂಗು, ಅವನ ಗಂಟಲು, ಎಲ್ಲ ಬರೋಬರ್. ಮಕ್ಕಳು ಬಿದ್ದು ಬಿದ್ದು ನಕ್ಕವು. ಹಮಾಲರೂ ನಕ್ಕರು. ತುಂಗಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಬಸವಂತನಿಗೆ ಅವಮಾನ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಸುಟ್ಟದ್ದು ಇನ್ನೊಂದು: ಏಳು ಭಾನುವಾರ ಅವನು ಕಾದದ್ದು ಇಲ್ಲಿ ಧಾರಾಳವಾಗಿ ಸುರಿಯುತ್ತಿತ್ತು, ಬೇರೆ ಮಾತಿನಲ್ಲಿ, ಬೇರೆಯವರಿಗೆ. ಹೊಟ್ಟೆಕಿಚ್ಚು ಕಣ್ರೀ, ಹತ್ತು ವರ್ಷದ ಮಗಳ ಮೇಲೆ ಹೊಟ್ಟೆಕಿಚ್ಚು. ಆ ಹೊತ್ತಿಗೆ ಅವನು ಅದಕ್ಕೆ ಕನ್ನಡದ ಅಭಿಮಾನ ಅಂತ ಹೆಸರಿಟ್ಟ.

ಒಂದು ಕೈಯಲ್ಲಿ ಮಗಳ ರಟ್ಟೆ, ಇನ್ನೊಂದರಲ್ಲಿ ವಹಿ ಹಿಡಿದು ದಡದಡ ಮೆಟ್ಟಿಲು ಹತ್ತಿದ. ಅವತ್ತು ಹಾಸಿಗೆಯ ಅರಿವೆ ಕುದಿಸಲಿಕ್ಕೆಂದು ನೀಲಾಂಬಿಕಾ ನೀರು ಕಾಯಿಸುವ ತಾಮ್ರದ ಬಂಬು ಹೊತ್ತಿಸಿದ್ದಳು. ಬಸವಂತ ವಹಿ ತೆರೆದ. ಪುಟದ ತುಂಬ ಬಾಳಬೋಧ ಅಕ್ಷರ, ಪೆನ್ಸಿಲಿನಲ್ಲಿ, ಒತ್ತೊತ್ತಾಗಿ. ಅಂಗಡಿಯ ಬೋರ್ಡು ಓದುವಷ್ಟು ಆ ಅಕ್ಷರ ಅವನಿಗೂ ಬರುತ್ತಿತ್ತು. ಓದಲಿಲ್ಲ. ಅಕ್ಷರ ನೋಡಿದ, ಸಾಕಾಯಿತು.

"ನನ್ನ ಕಥಿ ಕದ್ದು ಮರಾಠಿಯೊಳಗ ಬರೀತಿ? ನನ್ನ ಮಾರಿ ಮ್ಯಾಲೆ ಉಗುಳಾಕ ನಿನಗ ಅಕ್ಷರ ಕಲಿಸೀನೇನು?"

"ಅಪ್ಪಾ, ಬ್ಯಾಡಪಾ, ಅದು ತುಂಗಾಗ ಬರದದ್ದು, ಅಪ್ಪಾ—"

ಪರ್ರೆಂದು ವಹಿ ಎರಡು ಭಾಗವಾಯಿತು. ಹಿಂದಿನ ಅರ್ಧ ಬಂಬಿನ ಬಾಯಿಗೆ ಹೋಯಿತು. ಮುಂದಿನ ಅರ್ಧ ಹೋಗುವಷ್ಟರಲ್ಲಿ ನೀಲಾಂಬಿಕಾ ಒದ್ದೆಗೈಯಲ್ಲೇ ಬಂದು ಕಸಿದುಕೊಂಡಳು.

ನೀಲಾಂಬಿಕಾ ಸಿಟ್ಟಾದದ್ದನ್ನು ಆ ಮನೆ ನೋಡಿರಲಿಲ್ಲ. ಅವತ್ತು ನೋಡಿತು. "ಓದಿದ್ರ್ಯಾ?" ಅಂದಳು.

"ಮರಾಠಿ ನಾ ಯಾಕ ಓದಲಿ?"

"ಓದಿದ್ರ್ಯಾ ಅಂತ ಕೇಳಿದೆ."

ನೀಲಾಂಬಿಕಾ ಸೋಲಾಪುರದವಳು, ನಾಲ್ಕನೇ ಇಯತ್ತೆಯವರೆಗೆ ಮರಾಠಿ ಶಾಲೆಗೆ ಹೋದವಳು. ಬಂಬಿನ ಮುಂದೆ ನಿಂತೇ ಹರಿದ ಹಾಳೆಗಳನ್ನು ಓದತೊಡಗಿದಳು. "ಒಂದ ಊರಾಗ ಒಬ್ಬ ರಾಕ್ಷಸ ಇದ್ದ. ಅವನ ಬೆರಳು ಭಾಳ ಶ್ಯಾಣ್ಯಾ ಇತ್ತು, ಅವ ಮಾತ್ರ ಶ್ಯಾಣ್ಯಾ ಇರಲಿಲ್ಲ."

ಕನ್ನಡ. ಅಕ್ಷರ ಬಾಳಬೋಧ, ಮಾತು ಕನ್ನಡ. ಅಣ್ಣಿಗೇರಿಯ ಕನ್ನಡ, ಇವರ ಮನೆಯ ಕನ್ನಡ, ಒಂದೊಂದು ಮಾತೂ. ಪೂರಾ ಬಲ್ಲ ಅಕ್ಷರ ಅದೊಂದೇ ಆದ್ದರಿಂದ ಹುಡುಗಿ ಅದರಲ್ಲೇ ತನ್ನ ಮಾತು ಬರೆದಿಟ್ಟುಕೊಂಡಿದ್ದಳು, ತಂಗಿಗೆ ಓದಿ ಹೇಳಲಿಕ್ಕೆ. ಕಟ್ಟಡದ ಮಕ್ಕಳಿಗೆ ಹೇಳುವಾಗ ಮಾತ್ರ ಬಾಯಲ್ಲೇ ಮರಾಠಿ ಮಾಡಿಕೊಳ್ಳುತ್ತಿದ್ದಳು.

"ಅಜ್ಜಿಗೆ ಬರದ ಕಾಗದನೂ ಹಿಂಗs ಇತ್ರಿ," ಅಂದಳು ನೀಲಾಂಬಿಕಾ. "ಅವತ್ತs ಅಕಿ ಹೇಳಾಕ ಬಂದಳು. ನೀವು ಬಾಯಿ ಮುಚ್ಚಿಸಿದ್ರಿ."

ಮತ್ತೆ ಓದಿದಳು. ಬಡಿದೂ ಬಡಿದೂ ರಾಕ್ಷಸನ ಬೆರಳಿಗೊಂದು ರೋಗ ಬಂದಿತ್ತು. ಎಲ್ಲಿಂದ ಯಾವ ಬಡಿತ ಕೇಳಿದರೂ ಅದು ಹೇಳಿದಂತೆ ಕೇಳಲೇಬೇಕು, ರಾಕ್ಷಸ ಬೇಡವೆಂದರೂ ಬಿಡದು. ಗಿಣಿ ಇದನ್ನು ನೋಡಿಟ್ಟುಕೊಂಡಿತು. ರಾಕ್ಷಸನಿಂದ ಅದು ಬಡಿಯುವುದನ್ನೇ ಕಲಿತಿತ್ತು. ಒಂದು ದಿನ ಕೊಕ್ಕಿನಿಂದ ಪಂಜರದ ಸರಳಿನ ಮೇಲೆ ಬಡಿಯಿತು: ಬಾಗಿಲ ತೆಗಿ. ರಾಕ್ಷಸನ ಕೈ ತಾನಾಗಿ ಎದ್ದಿತು. ರಾಕ್ಷಸ ಚೀರಿದ, ತನ್ನ ಕೈಯನ್ನು ತಾನೇ ಕಚ್ಚಿದ. ಕೈ ಕೇಳಲಿಲ್ಲ. ಹೋಗಿ ಕೊಂಡಿ ತೆಗೆಯಿತು. ಆವಾಗ ಗಿಣಿ—

ನೀಲಾಂಬಿಕಾ ಹಾಳೆ ತಿರುಗಿಸಿದಳು. ಮುಂದೆ ಹಾಳೆ ಇರಲಿಲ್ಲ.

"ಮುಂದ?" ಎಂದಿತು ಒಂದು ಬಾಯಿ. ಅದು ತನ್ನದೇ ಬಾಯಿ ಎಂದು ಬಸವಂತನಿಗೆ ತುಸು ತಡವಾಗಿ ತಿಳಿಯಿತು.

ಪ್ರಭಾ ಮೂಗು ಒರೆಸಿಕೊಂಡಳು. ಅಪ್ಪನ ಬೆರಳ ಗುರುತು ರಟ್ಟೆಯ ಮೇಲೆ ಕೆಂಪಗೆ ಮೂಡಿತ್ತು. "ಮಲಾ ಮಾಹೀತ ನಾಹೀ, ಬಾಬಾ," ಅಂದಳು. ನನಗೆ ಗೊತ್ತಿಲ್ಲ ಅಂತ. ಹುಟ್ಟಿದಾಗಿನಿಂದ ಅಪ್ಪಾ ಅಂದ ಹುಡುಗಿ ಬಾಬಾ ಅಂದಳು.

ಅವತ್ತಿನಿಂದ ಅದೇ ನಡೆಯಿತು. ತಾಯಿಯ ಹತ್ತಿರ ಕನ್ನಡ, ತಂಗಿಯ ಹತ್ತಿರ ಕನ್ನಡ, ಅಪ್ಪ ಕೇಳಿದರೆ ಮರಾಠಿ. ಜಗಳವಿಲ್ಲ, ಅಳುವಿಲ್ಲ, ತಿರುಗಿ ಮಾತಿಲ್ಲ. ಊಟ ಆತೇನವಾ ಅಂದರೆ "ಹೋ, ಬಾಬಾ," ಹೌದು ಅಂತ. ಸಾಲಿ ಹೆಂಗೈತಿ ಅಂದರೆ "ಬರಂ ಆಹೆ, ಬಾಬಾ," ಪರವಾಗಿಲ್ಲ ಅಂತ. ಬೈಯಲಿಕ್ಕೆ ಹಿಡಿಯುವ ಒಂದು ಕೊಂಡಿಯನ್ನೂ ಅವಳು ಬಿಟ್ಟುಕೊಡಲಿಲ್ಲ. ಸಿಟ್ಟನ್ನು ಅವಳು ಯಾರಿಂದ ಪಡೆದಿದ್ದಳು ಎಂದು ಕೇಳುವ ಕೆಲಸವೇ ಇರಲಿಲ್ಲ. ಅಪ್ಪನದು ಕುದಿಯುವ ಸಿಟ್ಟು, ಇವಳದು ಹೆಪ್ಪುಗಟ್ಟಿದ್ದು, ಅಷ್ಟೇ.

ಕೆಳಗಿನ ಮಕ್ಕಳು ದಿನಾ ಅವಳ ಜೀವ ತಿನ್ನುತ್ತಿದ್ದವು, ಗಿಣಿ ಏನಾಯಿತು, ಗಿಣಿ ಏನಾಯಿತು? "ಬಾಬಾಂನೀ ಜಾಳಲಂ," ಅನ್ನುವಳು. ಅಪ್ಪ ಸುಟ್ಟರು. ಇಡೀ ಕಟ್ಟಡಕ್ಕೆ ಸುದ್ದಿಯಾಯಿತು. ಒಂದು ಬೆಳಿಗ್ಗೆ ಬಸವಂತ ಪಾಳಿಗೆ ಹೊರಟಾಗ ಚೀಲ ಹೊತ್ತ ಹಮಾಲನೊಬ್ಬ ಅಡ್ಡ ನಿಂತು ಬಲು ವಿನಯದಿಂದ ಕೇಳಿದ: "ತಾರಬಾಬೂ, ತೋತೇ ಕಾ ಕ್ಯಾ ಹುವಾ?"

"ನಿನ್ನ ಕೆಲಸ ನೋಡ್ಕೋ!" ಎಂದು ಬಸವಂತ ಕನ್ನಡದಲ್ಲೇ ಗದರಿದ. ಗದರಿ ಹತ್ತು ಹೆಜ್ಜೆ ಹೋದ ಮೇಲೆ ಅವನಿಗೂ ಅದೇ ಪ್ರಶ್ನೆ. ಗಿಣಿ ಏನಾಯಿತು? ಬಾಗಿಲು ತೆರೆದಿತ್ತು. ಹಾರಿತೋ, ಉಳಿಯಿತೋ? ದಿನವೆಲ್ಲ ತಂತಿ ಬಡಿಯುತ್ತ ಅದನ್ನೇ ಯೋಚಿಸಿದ. ಹಾಳಾದ ಹುಡುಗಿ! ಎಂಥ ಜಾಗದಲ್ಲಿ ನಿಲ್ಲಿಸಿದ್ದಾಳೆ! ಆಮೇಲೆ ನೆನಪಾಗುವುದು, ನಿಲ್ಲಿಸಿದವಳು ಅವಳಲ್ಲ.

ಕೊನೆ ತಾನೇ ಬರೆದರಾಯಿತು ಅಂದುಕೊಂಡ. ಮೂರು ಸಲ ಬರೆದ. ಒಂದರಲ್ಲಿ ರಾಕ್ಷಸ ಅತ್ತು ಒಳ್ಳೆಯವನಾದ. ಇನ್ನೊಂದರಲ್ಲಿ ಗಿಣಿಗೆ ರಾಕ್ಷಸನ ಪ್ರೀತಿ ಅರ್ಥವಾಗಿ ಪಂಜರದಲ್ಲೇ ಉಳಿಯಿತು. ಮೂರನೆಯದರಲ್ಲಿ ಹಾರಿಹೋದ ಗಿಣಿ ಹದ್ದಿಗೆ ಹೆದರಿ ತಿರುಗಿ ಬಂತು. ಮೂರನ್ನೂ ಭಾನುವಾರ ಮಕ್ಕಳ ಮುಂದೆ ಓದಿದ. ಪ್ರಭಾ ಕೈಕಟ್ಟಿ ಕೂತು ಕೊನೆಯವರೆಗೆ ಕೇಳಿದಳು. "ಛಾನ ಆಹೆ, ಬಾಬಾ," ಅಂದು ಎದ್ದುಹೋದಳು. ಚೆನ್ನಾಗಿದೆಯಂತೆ. ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಗೆ ಬಂದಾಗ ಹೇಳುವ ದನಿಯಲ್ಲಿ.

ಬಸವಂತ ಎದ್ದು ನಿಂತ. ಕೈ ಮೇಲೆದ್ದಿತ್ತು. ಎರಡು ಕೆನ್ನೆಗೆ ಬಿಗಿಯಬೇಕು ಅನ್ನಿಸಿತು, ನಿಜವಾಗಿ ಅನ್ನಿಸಿತು. ಬಿಗಿಯಲಿಕ್ಕೆ ಪ್ರಭಾ ಅಲ್ಲಿರಲಿಲ್ಲ. ಫಾರಂಗಳನ್ನು ಮುದ್ದೆ ಮಾಡಿ ಒಗೆದ.

ಒಗೆದ ಮುದ್ದೆಯನ್ನು ತುಂಗಾ ಆರಿಸಿ ತಂದು ಬಿಡಿಸಿ ನೋಡಿದಳು. "ಅಪ್ಪಾ," ಅಂದಳು, "ನಿನ್ನ ಕಥಿಯೊಳಗ ಎಲ್ಲಾರೂ ಬೈತಾರ. ಗಿಣಿನೂ ಬೈತೈತಿ. ಹದ್ದೂ ಬೈತೈತಿ."

"ಯಾರು ಬೈದಾರಲೇ? ಅದರೊಳಗ ಬೈಗುಳ ಎಲ್ಲೈತಿ?"

"ಈಗೂ ಬೈಯಾಕತ್ತಿಯಲ್ಲ."

ನೀಲಾಂಬಿಕಾ ಒಳಗಿನಿಂದ ನಕ್ಕದ್ದು ಕೇಳಿಸಿತು. ಸಿಟ್ಟಿನ ನಗೆ. ಬಸವಂತ ಕಿಟಕಿಗೆ ಹೋಗಿ ನಿಂತ. ಕೆಳಗೆ ಕೈಗಾಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಗಾಡಿಯವರು ಪರಸ್ಪರ ಬೈಯುತ್ತಿದ್ದರು. ತನಗೆ ಕಥೆ ಬರೆಯಲು ಬರುವುದಿಲ್ಲ. ಮೊದಲ ಸಲ ಆ ಮಾತನ್ನು ಪೂರಾ ಅಂದುಕೊಂಡ. ಬರುವುದು ಒಂದೇ ಕೆಲಸ, ಆ ಕಡೆಯಿಂದ ಬಂದದ್ದನ್ನು ಬರೆದುಕೊಳ್ಳುವುದು.

ಮರುದಿನವೇ, ವಹಿ ಸುಟ್ಟ ಹದಿನಾರನೇ ದಿನ, ಮಧ್ಯಾಹ್ನ ಪಾಳಿಯಿಂದ ಬಂದವನು ಅಂಗಿ ಕೂಡ ಬಿಚ್ಚದೆ ಒಂದು ಹೊಸ ಫಾರಂ ಪ್ಯಾಡು, ಚೂಪು ಮಾಡಿದ ಪೆನ್ಸಿಲು ಹಿಡಿದು ಪ್ರಭಾಳ ಎದುರು ನೆಲದ ಮೇಲೆ ಕೂತ. "ನೀ ಹೇಳು," ಅಂದ. "ನಾ ಬರಕೋತೀನಿ. ಒಂದ ಅಕ್ಷರ ತಿದ್ದಂಗಿಲ್ಲ."

ಅವಳು ಅನುಮಾನದಿಂದ ನೋಡಿದಳು. ಆಮೇಲೆ ಹೇಳಿದಳು, ಮರಾಠಿಯಲ್ಲಿ: "ಏಕ ಮೂರ್ಖ ರಾಕ್ಷಸ ಹೋತಾ." ಒಬ್ಬ ಮೂರ್ಖ ರಾಕ್ಷಸನಿದ್ದ. ಹೇಳಿ ಅವನ ಬೆರಳು ನೋಡಿದಳು.

ಬೆರಳು ಪೆನ್ಸಿಲು ಹಿಡಿದಿತ್ತು. ಬಸವಂತ ಬರೆದ, ಕನ್ನಡ ಅಕ್ಷರದಲ್ಲಿ: ಏಕ ಮೂರ್ಖ ರಾಕ್ಷಸ ಹೋತಾ.

ಅವಳಿಗೆ ಹುರುಪು ಬಂತು. ಬೇಕೆಂದೇ ಬಡಬಡ ಹೇಳತೊಡಗಿದಳು. ಅವನಿಗೆ ತಿಳಿಯದ ಮರಾಠಿ ಮಾತುಗಳನ್ನು ಹುಡುಕಿ ಹುಡುಕಿ ತಂದಳು. ರಾಕ್ಷಸನ ಮೂಗು ಬದನೆಕಾಯಿ, ರಾಕ್ಷಸನ ಬಾಯಿಂದ ಮೆಣಸಿನಕಾಯಿ ಘಾಟು, ರಾಕ್ಷಸ ತನ್ನ ಅವ್ವನಿಗೆ ಹೆದರುತ್ತಾನೆ. ಬಸವಂತನ ಕಿವಿ ಕೆಂಪಾದವು, ಕುತ್ತಿಗೆ ಕೆಂಪಾಯಿತು. ಪೆನ್ಸಿಲು ನಿಲ್ಲಲಿಲ್ಲ. ಇದಕ್ಕಿಂತ ಜೋರಾಗಿ ಓಡುವ ಮುಂಬಯಿ ಲೈನನ್ನು ಅವನು ದಿನಾ ಬರೆದುಕೊಳ್ಳುವವನು.

"ಅಕ್ಕಾ, ಕನ್ನಡದಾಗ ಹೇಳs. ಅಪ್ಪಗ ತಿಳಿಯಂಗಿಲ್ಲ," ಅಂದಳು ತುಂಗಾ.

"ತಿಳೀಲಿ, ಬಿಡಲಿ," ಅಂದ ಬಸವಂತ, ತಲೆ ಎತ್ತದೆ. "ಅಕಿ ಹೆಂಗ ಹೇಳತಾಳ, ಹಂಗ."

ಪ್ರಭಾಳ ವೇಗ ತುಸು ಇಳಿಯಿತು. ಒಂದು ಹಾಳೆ ತುಂಬಿತು, ಎರಡು ತುಂಬಿದವು, ನಾಲ್ಕು ತುಂಬಿದವು. ಕಥೆ ಪಂಜರದ ಹತ್ತಿರ ಬಂತು. ಗಿಣಿ ಸರಳಿನ ಮೇಲೆ ಬಡಿಯಿತು. ರಾಕ್ಷಸನ ಕೈ ಎದ್ದಿತು. ಕೊಂಡಿ ತೆಗೆಯಿತು. ಬಾಗಿಲು ತೆರೆಯಿತು.

ಪ್ರಭಾ ನಿಂತಳು.

ಒಲೆಯ ಮುಂದೆ ನೀಲಾಂಬಿಕಾ ಕೂಡ ಕೈ ನಿಲ್ಲಿಸಿದ್ದಳು. ಬಸವಂತ ಪೆನ್ಸಿಲಿನ ತುದಿಯನ್ನು ಹಾಳೆಗೆ ಹಚ್ಚಿಯೇ ಕೇಳಿದ: "ಮುಂದ?"

ಅವಳು ಅಪ್ಪನನ್ನು ನೋಡಿದಳು. ಬಂಬನ್ನು ನೋಡಿದಳು.

"ಮುಂದಿಂದು ಬರದಿದ್ದೆ, ಅಪ್ಪಾ," ಅಂದಳು. "ನೀ ಸುಟ್ಟಿ."

ಹದಿನಾರು ದಿನದ ಮೇಲೆ ಬಂದ ಕನ್ನಡ ಇದು. ಬಸವಂತ ತಪ್ಪಾತವಾ ಅನ್ನಬಹುದಿತ್ತು. ಮತ್ತೊಮ್ಮೆ ನೆನಪಿಸಿಕೊಂಡು ಹೇಳು ಅನ್ನಬಹುದಿತ್ತು. ಅನ್ನಲಿಲ್ಲ. ಬಗ್ಗಿ ಅದನ್ನೂ ಬರೆದ, ಆ ಕಡೆಯಿಂದ ಹೇಗೆ ಬಂದಿತ್ತೋ ಹಾಗೆ, ಕಥೆಯ ಕೆಳಗೆ: ಮುಂದಿಂದು ಬರದಿದ್ದೆ, ಅಪ್ಪಾ. ನೀ ಸುಟ್ಟಿ.

ಪ್ರಭಾ ಹತ್ತಿರ ಸರಿದು ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಸರಿಯಾಗಿ ಬರೆದಿದ್ದಾನೋ ಇಲ್ಲವೋ ನೋಡಬೇಕಲ್ಲ! ಬೆರಳಿಟ್ಟು ಒಂದೊಂದೇ ಕನ್ನಡ ಅಕ್ಷರ ಕೂಡಿಸಿ ಓದಿದಳು. "ಮುಂ... ದಿಂ... ದು..." ಕೊನೆಯ ಒತ್ತಕ್ಷರಕ್ಕೆ ಬಂದು ತಡವರಿಸಿದಳು. ಒಮ್ಮೆ ತಪ್ಪಿದಳು. ಎರಡನೇ ಸಲ ತಪ್ಪಿದಳು. ಬಸವಂತ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದ. ನಾಲ್ಕನೇ ಸಲಕ್ಕೆ ಬಂತು.

"ಸು... ಟ್ಟಿ. ಸುಟ್ಟಿ."

ಅಪ್ಪನ ಬರಹವನ್ನು ಅವಳು ತಾನಾಗಿ ಓದಿದ್ದು ಅದೇ ಮೊದಲು.

"ಬರೋಬರ್ ಐತಿ," ಅಂದಳು ಪ್ರಭಾ. ಹಾಳೆಯನ್ನು ಅವನ ಕಡೆಗೆ ತಳ್ಳಿ, ತಂಗಿಯ ಕೈ ಹಿಡಿದು ಕೆಳಗೆ ಆಡಲು ಹೋದಳು.